ತಿರುಕನ ನಿದ್ದೆ, ಲಕ್ಕಮ್ಮನ ಅಕ್ಕಿ

ಮುಪ್ಪಿನ ಷಡಕ್ಷರಿಯ ‘ತಿರುಕನ ಕನಸು’ ಎಂಬ ಹಾಡನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡದ ಕನ್ನಡ ಓದುಗರು ವಿರಳ. ಸುಮಾರು 1500ರ ಕಾಲದವನೆಂದೂ ಕೊಳ್ಳೇಗಾಲದ ಸೀಮೆಗೆ ಸೇರಿದವನೆಂದೂ ಸಾಹಿತ್ಯಚರಿತ್ರೆಕಾರರು ಗುರುತಿಸುವ ಈ ವೀರಶೈವ ಕವಿಯ ‘ಸುಬೋಧಸಾರ’ ಬಹುಮಟ್ಟಿಗೆ ವಿದ್ವಾಂಸರ ಕೈಯಲ್ಲಿಯೇ ಉಳಿದಿದ್ದರೂ, ಈ ಒಂದು ರಚನೆ ಮಾತ್ರ ಶಾಲಾಪಠ್ಯಗಳ ಮೂಲಕ ನಾಡಿಗೆಲ್ಲ ಹಬ್ಬಿತು. ಊರ ಮುಂದಿನ ಶಿಥಿಲವಾದ ಧರ್ಮಶಾಲೆಯೊಂದರಲ್ಲಿ ಭಿಕ್ಷುಕನೊಬ್ಬ ಒರಗಿದ್ದಾನೆ; ಅವನಿಗೊಂದು ಕನಸು ಬೀಳುತ್ತದೆ. ಮಕ್ಕಳಿಲ್ಲದ ಅರಸ ಸತ್ತಿದ್ದಾನೆ. ಆನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಊರೊಳಗೆ ಬಿಟ್ಟಿದ್ದಾರೆ. ಅದು ಬಂದು ಇವನ ಕೊರಳಿಗೇ ಮಾಲೆ ಹಾಕುತ್ತದೆ. ಪಟ್ಟ, ಮದುವೆ, ಮಕ್ಕಳು, ಆ ಮಕ್ಕಳಿಗೆ ಮತ್ತೆ ಮದುವೆಯ ಯೋಚನೆ, ಇಷ್ಟೂ ಆಗುವಷ್ಟರಲ್ಲಿ ಶತ್ರು ರಾಜರ ದಂಡು ಅರಮನೆಯನ್ನು ಮುತ್ತುತ್ತದೆ. ತಿರುಕ ಹೆದರಿ ಕಣ್ಣು ತೆರೆಯುತ್ತಾನೆ. ಶಾಲೆಗಳಲ್ಲಿ ಪ್ರಚಲಿತವಾಗಿರುವ ಪಾಠ ಅಲ್ಲಿಗೇ ನಿಲ್ಲುತ್ತದೆ.

ಸಂಸಾರವು ಸ್ವಪ್ನೋಪಮವಾದುದು, ಐಶ್ವರ್ಯದ ಮದ ಕ್ಷಣಿಕವಾದುದು ಎಂಬುದು ಈ ಹಾಡಿಗೆ ಪರಂಪರೆಯಿಂದ ಹೇಳುತ್ತ ಬಂದಿರುವ ತಾತ್ಪರ್ಯ. ಅದು ತಪ್ಪೆನ್ನುವಂತಿಲ್ಲ. ವೈರಾಗ್ಯಬೋಧೆಯೇ ಕವಿಯ ಉದ್ದೇಶವಾಗಿದ್ದಿರಲೂ ಬಹುದು. ಆದರೆ ಈ ತಾತ್ಪರ್ಯವೆಲ್ಲವೂ ಕನಸನ್ನು ಕುರಿತದ್ದು. ನಿದ್ದೆಯನ್ನು ಕುರಿತು ವ್ಯಾಖ್ಯಾನಕಾರರಲ್ಲಿ ಯಾರೂ ಮಾತನಾಡಿದಂತಿಲ್ಲ. ಊರೂರು ಅಲೆದು ಬೇಡಿ ಬದುಕುವವನೊಬ್ಬನಿಗೆ ಒರಗಲು ಒಂದು ಸೂರು ಸಿಕ್ಕಿತು, ಕಣ್ಣಿಗೆ ನಿದ್ದೆ ಹತ್ತಿತು ಎಂಬುದು ಹಾಡಿನ ಮೊದಲ ಸಂಗತಿ. ಆ ನಿದ್ದೆ ಮುರಿಯಿತು ಎಂಬುದು ಕೊನೆಯ ಸಂಗತಿ. ನಡುವಿನದೆಲ್ಲ ಕನಸು. ಹಾಗೆ ನೋಡಿದರೆ ಇದು ಬಡವನೊಬ್ಬ ತನಗೆ ದೊರೆತಿದ್ದ ಏಕೈಕ ವಿಶ್ರಾಂತಿಯನ್ನು ಕಳೆದುಕೊಂಡ ಕಥೆ. ಅರಸುತನವನ್ನು ಕಳೆದುಕೊಂಡ ಕಥೆಯಲ್ಲ. ಅರಸುತನ ಅವನಿಗೆ ಇರಲೇ ಇಲ್ಲ.

ಛಂದಸ್ಸನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಭೋಗ ಷಟ್ಪದಿಗೆ ಲಾಕ್ಷಣಿಕರು ಉದಾಹರಿಸುವ ಪದ್ಯ ಇದೇ. ಮೂರು ಮೂರು ಮಾತ್ರೆಯ ಗಣಗಳು ಒಂದರ ಹಿಂದೊಂದು ಓಡುವ ನಡೆ ಅದರದು; ಎಲ್ಲಿಯೂ ಕಾಲೂರಿ ನಿಲ್ಲಲು ಬಿಡದು. ಮಲಗಿರುವವನ ಕಥೆಯನ್ನು ಓಡುವ ಲಯದಲ್ಲಿ ಹೇಳಿರುವುದು ಕವಿಯ ಜಾಣ್ಮೆಯೆನ್ನದೆ ವಿಧಿಯಿಲ್ಲ. ಹಾಡಿನಲ್ಲಿ ಎಲ್ಲರೂ ನಡೆಯುತ್ತಾರೆ, ಹುಡುಕುತ್ತಾರೆ, ಕಟ್ಟುತ್ತಾರೆ, ಮುತ್ತುತ್ತಾರೆ. ಆನೆಗೂ ಬಿಡುವಿಲ್ಲ, ಮಂತ್ರಿಗೂ ಇಲ್ಲ. ದೊರೆಯಾದ ತಿರುಕನೂ ಓಲಗದಲ್ಲಿ ಕುಳಿತು, ತೊಡೆಯ ಮೇಲೆ ಮಕ್ಕಳನ್ನಾಡಿಸುತ್ತಲೇ ಸೈನ್ಯವನ್ನು ನೋಡುತ್ತಾನೆ, ಮಕ್ಕಳಿಗೆ ಹೆಣ್ಣು ನೋಡಿ ಬರಲು ಮಂತ್ರಿಗೆ ಅಪ್ಪಣೆ ಮಾಡುತ್ತಾನೆ. ಜೀವಮಾನದಲ್ಲಿ ಯಾರಿಗೂ ಅಪ್ಪಣೆ ಮಾಡದವನು ಅಧಿಕಾರ ಬಂದೊಡನೆ ಮಾಡುವ ಕೆಲಸ ಇತರರಿಗೆ ಕೆಲಸ ಹೇಳುವುದು! ಈ ಸೂಕ್ಷ್ಮವನ್ನು ಕವಿ ಉದ್ದೇಶಪೂರ್ವಕವಾಗಿಯೇ ಇಟ್ಟನೋ, ಕಥನದ ಓಟದಲ್ಲಿ ಅದು ತಾನಾಗಿ ಬಂದು ಸೇರಿತೋ. ಹೇಗಾದರೂ ಅದು ಅಲ್ಲಿದೆ.

ಇನ್ನು ಹಾಡು ಕೇಳದೆ ಬಿಟ್ಟ ಪ್ರಶ್ನೆ. ಆ ಧರ್ಮಶಾಲೆ ಶಿಥಿಲವಾದದ್ದೇಕೆ? ದಾರಿಗರು, ಹೊರೆ ಹೊತ್ತವರು, ನಿರ್ಗತಿಕರು ದಣಿವಾರಿಸಿಕೊಳ್ಳಲೆಂದು ಛತ್ರ, ಅರವಟ್ಟಿಗೆ, ಮಂಟಪ, ಅರಳಿಕಟ್ಟೆಗಳನ್ನು ಏರ್ಪಡಿಸುವುದು ಕನ್ನಡ ನಾಡಿನಲ್ಲಿ ಪುಣ್ಯಕಾರ್ಯವೆನಿಸಿತ್ತು. ಅವುಗಳಿಗೆ ಬಿಟ್ಟ ದತ್ತಿಗಳನ್ನು ಶಾಸನಗಳು ದಾಖಲಿಸಿವೆ. ತಲೆಹೊರೆಯನ್ನು ಮತ್ತೊಬ್ಬರ ಸಹಾಯವಿಲ್ಲದೆ ಇಳಿಸಿ, ಮತ್ತೆ ಏರಿಸಿಕೊಳ್ಳಲು ಅನುವಾಗುವಂತೆ ದಾರಿಯ ಬದಿಯಲ್ಲಿ ಆಳೆತ್ತರಕ್ಕೆ ನೆಟ್ಟ ಕಲ್ಲುಗಳು ದಕ್ಷಿಣದ ಹಳೆಯ ಹಾದಿಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ದಣಿದವನಿಗೆ ನಿಲ್ಲಲೊಂದು ಎಡೆ ಮಾಡಿಕೊಡುವುದು ಊರಿನ ಹೊಣೆ ಎಂಬ ತಿಳಿವಳಿಕೆ ಆ ಕಲ್ಲುಗಳಲ್ಲಿದೆ. ಷಡಕ್ಷರಿಯ ಹಾಡಿನಲ್ಲಿ ಆ ಹೊಣೆ ಜೀರ್ಣವಾಗಿದೆ. ಕವಿ ಅದನ್ನು ಒಂದೇ ವಿಶೇಷಣದಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಓದುಗರೂ ಅವನ ಜೊತೆಯಲ್ಲಿಯೇ ಸಾಗಿಬಿಡುತ್ತಾರೆ.

ಶರಣಸಾಹಿತ್ಯದ ಅಭ್ಯಾಸಿಗಳು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ಶರಣರು ಭಿಕ್ಷೆಯನ್ನೂ ಸೋಮಾರಿತನವನ್ನೂ ನಿರಾಕರಿಸಿ ಕಾಯಕವನ್ನು ಎತ್ತಿಹಿಡಿದವರು; ಅಂಥ ಪರಂಪರೆಯ ಕವಿಯೊಬ್ಬನ ಹಾಡಿನಲ್ಲಿ ಮಲಗಿರುವ ತಿರುಕನ ಪಕ್ಷವಹಿಸುವುದು ಎಷ್ಟು ಸರಿ? ವಿಶ್ರಾಂತಿಗೆ ಶರಣಧರ್ಮದಲ್ಲಿ ಎಡೆಯೆಲ್ಲಿ? ಈ ಆಕ್ಷೇಪಕ್ಕೆ ಬಲವಾದ ಆಧಾರವೂ ಇದೆ. ಆಯ್ದಕ್ಕಿ ಮಾರಯ್ಯನ ಪ್ರಸಿದ್ಧ ವಚನವೊಂದು, ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮನೇ ಎದುರು ಬಂದು ನಿಂತರೂ ಅವನ ಹಂಗಿಗೆ ಒಳಗಾಗಬಾರದು ಎನ್ನುವಷ್ಟು ದೂರ ಹೋಗುತ್ತದೆ. ಇಷ್ಟು ನಿಷ್ಠುರವಾಗಿ ದುಡಿಮೆಯನ್ನು ಪ್ರತಿಪಾದಿಸಿದ ಮಾತು ಭಾರತೀಯ ಭಕ್ತಿಸಾಹಿತ್ಯದಲ್ಲಿ ಮತ್ತೊಂದು ಸಿಗುವುದು ಕಷ್ಟ.

ಇಪ್ಪತ್ತನೆಯ ಶತಮಾನದ ವಿದ್ವಾಂಸರಿಗೆ ಈ ವಚನ ಬಹು ಪ್ರಿಯವಾದುದು ಸಹಜವೇ. ಮ್ಯಾಕ್ಸ್ ವೇಬರನು 1904–05ರಲ್ಲಿ ಪ್ರಾಟೆಸ್ಟೆಂಟ್ ಧರ್ಮಕ್ಕೂ ಬಂಡವಾಳಶಾಹಿಯ ಶ್ರಮಶೀಲತೆಗೂ ಸಂಬಂಧ ಕಲ್ಪಿಸಿ ಬರೆದ ಪ್ರಬಂಧವನ್ನು ಓದಿದವರಿಗೆ, ಅಂಥದೇ ತತ್ತ್ವ ಕನ್ನಡದಲ್ಲಿ ಹನ್ನೆರಡನೆಯ ಶತಮಾನಕ್ಕೇ ಇತ್ತೆಂದು ತೋರಿಸುವುದು ಅಭಿಮಾನದ ವಿಷಯವಾಯಿತು. ‘ವರ್ಕ್ ಈಸ್ ವರ್ಷಿಪ್’ ಎಂಬ ಇಂಗ್ಲಿಷ್ ಘೋಷವಾಕ್ಯಕ್ಕೆ ಕಾಯಕತತ್ತ್ವವನ್ನು ಅನುವಾದವೆಂಬಂತೆ ಜೋಡಿಸಿ ಕಚೇರಿಗಳ, ಕಾರ್ಖಾನೆಗಳ ಗೋಡೆಗಳ ಮೇಲೆ ಬರೆಸಿದರು. ಬರೆಸಿದವರು ಯಾರು ಎಂಬುದನ್ನು ವಿಚಾರಿಸಬೇಕು. ಕೆಲಸ ಮಾಡುವವನು ತನಗೆ ತಾನೇ ಹೇಳಿಕೊಂಡ ಮಾತು ಒಂದು; ಕೆಲಸ ಮಾಡಿಸುವವನು ಅದನ್ನೇ ಗೋಡೆಯ ಮೇಲೆ ಬರೆಸಿದಾಗ ಅದು ಇನ್ನೊಂದು. ಅಕ್ಷರಗಳು ಅವೇ ಆಗಿದ್ದರೂ ಅರ್ಥ ತಲೆಕೆಳಗಾಗುತ್ತದೆ. ಮಾರಯ್ಯನ ವಚನ ದುಡಿಮೆಯ ತನ್ಮಯತೆಯನ್ನು ಕುರಿತದ್ದು. ದುಡಿಮೆಯ ಗಂಟೆಗಳನ್ನು ಕುರಿತದ್ದಲ್ಲ. ಕೈ ಕೆಲಸದಲ್ಲಿರುವಾಗ ಮನಸ್ಸು ಬೇರೆಡೆಗೆ ಹೋಗಬಾರದು ಎಂಬುದಕ್ಕೂ, ಕೈ ಎಂದಿಗೂ ಕೆಲಸ ಬಿಡಬಾರದು ಎಂಬುದಕ್ಕೂ ಅಜಗಜಾಂತರವಿದೆ.

ಕೈ ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳಿದವಳು ಮಾರಯ್ಯನ ಹೆಂಡತಿ ಲಕ್ಕಮ್ಮ. ಗೂಳೂರು ಸಿದ್ಧವೀರಣ್ಣೊಡೆಯನ ‘ಶೂನ್ಯಸಂಪಾದನೆ’ಯಲ್ಲಿ ಈ ದಂಪತಿಗಳ ಪ್ರಸಂಗ ವಿಸ್ತಾರವಾಗಿ ಬಂದಿದೆ. ಆ ಸಂಕಲನವೂ ಮುಪ್ಪಿನ ಷಡಕ್ಷರಿಯ ಕಾಲಕ್ಕೆ ಬಹಳ ದೂರದ್ದಲ್ಲವೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಒಂದೇ ಯುಗದ ವೀರಶೈವ ಮನಸ್ಸು ಈ ಎರಡು ಕಥೆಗಳನ್ನೂ ಲೋಕದ ಮುಂದಿಟ್ಟಿತು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವರು ಇವರು. ಒಮ್ಮೆ ಮಾರಯ್ಯ ಅನುಭಾವಗೋಷ್ಠಿಯಲ್ಲಿ ಮೈಮರೆತಿರಲು, ಕಾಯಕ ನಿಂತುಹೋಯಿತೆಂದು ಲಕ್ಕಮ್ಮ ಎಚ್ಚರಿಸಿ ಕಳುಹಿಸುತ್ತಾಳೆ. ಅಷ್ಟನ್ನು ಮಾತ್ರ ಓದಿದವರಿಗೆ ಅವಳು ಗಂಡನನ್ನು ದುಡಿಮೆಗೆ ದೂಡುವ ಗೃಹಿಣಿಯಾಗಿ ತೋರುತ್ತಾಳೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಾರಯ್ಯ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಅದನ್ನು ಕಂಡ ಲಕ್ಕಮ್ಮ ಹಿಗ್ಗುವುದಿಲ್ಲ. ಇದು ನಿನ್ನ ಮನಸ್ಸಿನದೋ ಬಸವಣ್ಣನ ಅನುಮಾನವೋ ಎಂಬಂತೆ ಪ್ರಶ್ನಿಸಿ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳುತ್ತಾಳೆ. ಆಸೆ ಅರಸರಿಗೆ ತಕ್ಕದ್ದೇ ಹೊರತು ಶಿವಭಕ್ತರಿಗಲ್ಲ ಎಂಬುದು ಅವಳ ನಿಲುವು.

ಈ ಪ್ರಸಂಗವನ್ನು ಅಪರಿಗ್ರಹದ ದೃಷ್ಟಾಂತವಾಗಿ ಮಾತ್ರ ವ್ಯಾಖ್ಯಾನಿಸುವುದು ವಾಡಿಕೆ. ಅಕ್ಕಿಯನ್ನು ಕುರಿತು ಹೇಳಿದ್ದು ದುಡಿಮೆಗೂ ಸಲ್ಲುತ್ತದೆಂಬುದನ್ನು ಅಷ್ಟಾಗಿ ಯಾರೂ ಎತ್ತಿ ಹೇಳಿಲ್ಲ. ಹೆಚ್ಚಿನ ಅಕ್ಕಿಯೆಂದರೆ ಹೆಚ್ಚಿನ ಬಾಗುವಿಕೆ, ಹೆಚ್ಚಿನ ಹೊತ್ತು, ಹೆಚ್ಚಿನ ಬೆನ್ನುನೋವು. ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯುವುದು ಎಂಥ ಕೆಲಸವೆಂಬುದನ್ನು ಮೊರದ ಮುಂದೆ ಕುಳಿತವರು ಬಲ್ಲರು. ದಿನಕ್ಕೆ ಇಷ್ಟು ಸಾಕು ಎಂದು ಅಳತೆ ಕಟ್ಟಿದವಳು ಆ ದಿನದ ದುಡಿಮೆಗೂ ಒಂದು ಎಲ್ಲೆ ಕಟ್ಟಿದಳು. ಕಾಯಕ ನಿಂತಾಗ ಹೋಗೆಂದವಳೂ, ಕಾಯಕ ಮಿತಿಮೀರಿದಾಗ ಹಿಂದಿರುಗಿಸೆಂದವಳೂ ಒಬ್ಬಳೇ. ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಉಪದೇಶಿಸಿದ್ದರಿಂದ ಕಾಯಕತತ್ತ್ವಕ್ಕೆ ಅಪಚಾರವಾಗಿದೆಯೆಂದು ಧಾರಾಳವಾಗಿ ಹೇಳಬಹುದು. ಇನ್ನೊಂದು ಅಂಶ: ಆ ಅಳತೆಯನ್ನು ಕಟ್ಟಿದವಳು ಆ ಮನೆಯ ಹೆಂಗಸೇ. ಬಸವಣ್ಣನ ಭಂಡಾರದಿಂದ ಬಂದ ಅಪ್ಪಣೆಯಲ್ಲ ಅದು. ಭಂಡಾರದ ಔದಾರ್ಯವನ್ನೇ ಮರಳಿಸಿದ್ದು. ತನ್ನ ಶ್ರಮದ ಅಳತೆ ತನ್ನ ಕೈಯಲ್ಲಿದ್ದಾಗ ಮಾತ್ರ ಅದು ಕಾಯಕ. ಅಳತೆ ಮತ್ತೊಬ್ಬನ ಕೈಗೆ ಹೋದರೆ ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರುಗಳಿವೆ: ಬಿಟ್ಟಿ, ಜೀತ.

ಲಕ್ಕಮ್ಮನ ಮಾತಿನ ಬೆಳಕಿನಲ್ಲಿ ತಿರುಕನನ್ನು ಮತ್ತೊಮ್ಮೆ ನೋಡಬಹುದು. ಆಸೆ ಅರಸರದೆಂದು ಅವಳೆಂದರೆ, ಷಡಕ್ಷರಿಯ ತಿರುಕ ಆಸೆಪಟ್ಟ ಗಳಿಗೆಯಲ್ಲಿ ಅರಸನೇ ಆಗಿಬಿಡುತ್ತಾನೆ. ಅರಸನಾದೊಡನೆ ಅವನಿಗೆ ನಿದ್ದೆ ತಪ್ಪುತ್ತದೆ. ಈ ಎರಡು ಪಠ್ಯಗಳು ಒಂದನ್ನೊಂದು ಬಲ್ಲವೆಂದು ಹೇಳಲು ಸಾಕ್ಷ್ಯವಿಲ್ಲ. ಆದರೂ ಅವು ಒಂದಕ್ಕೊಂದು ಉತ್ತರ ಕೊಡುವಂತಿವೆ. ವ್ಯತ್ಯಾಸವೂ ಸಣ್ಣದಲ್ಲ. ಲಕ್ಕಮ್ಮನಿಗೆ ಮರಳಿಸಲು ಹೆಚ್ಚಿನ ಅಕ್ಕಿ ಇತ್ತು. ತಿರುಕನಿಗೆ ಮರಳಿಸಲು ಏನೂ ಇರಲಿಲ್ಲ. ಬಡವನ ಕನಸನ್ನು ಕಂಡು ನಗುವುದು ಸುಲಭ. ಹಾಡಿನ ವೈರಾಗ್ಯ ಉಳ್ಳವನಿಗೆ ಹೇಳಿದ್ದರೆ ಇನ್ನಷ್ಟು ತೀಕ್ಷ್ಣವಾಗುತ್ತಿತ್ತು. ಇಲ್ಲದವನ ಮೇಲೆ ಹೊರಿಸಿದ್ದರಿಂದ ಅದರ ಮೊನೆ ಸ್ವಲ್ಪ ಮೊಂಡಾಗಿದೆ.

ಜೀತದ ಮಾತು ಬಂದದ್ದರಿಂದ ಅದನ್ನು ಅಲ್ಲಿಗೇ ಬಿಡುವಂತಿಲ್ಲ. ಎತ್ತುಗಳಿಗೆ ಸೋಮವಾರ ನೊಗ ಹೂಡದಿರುವ ಪದ್ಧತಿ ಕನ್ನಡ ನಾಡಿನ ಅನೇಕ ಕಡೆ ರೂಢಿಯಲ್ಲಿದೆ. ಅದು ಬಸವಣ್ಣನ ದಿನ, ಎತ್ತೇ ಬಸವಣ್ಣ. ಮೂಕಪ್ರಾಣಿಗೆ ವಾರಕ್ಕೊಂದು ದಿನದ ವಿಶ್ರಾಂತಿಯನ್ನು ಧರ್ಮದ ಹೆಸರಿನಲ್ಲಿ ಕೊಟ್ಟ ಈ ನಡವಳಿಕೆ ಎಷ್ಟು ಹೊಗಳಿದರೂ ಸಲ್ಲುವಂಥದು. ಆದರೆ ಯುಗಾದಿಯಿಂದ ಯುಗಾದಿಗೆ ಮಾತಾಡಿ ಆಳಾಗಿ ನಿಂತವನಿಗೆ, ತಂದೆಯ ಸಾಲಕ್ಕೆ ಮಗನಾಗಿ ದುಡಿದವನಿಗೆ, ಆ ಸೋಮವಾರ ಏನಾಗಿತ್ತು? ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವಾಗ ಅದರ ಮೈ ತೊಳೆಯುವವನು, ಅದಕ್ಕೆ ಹುಲ್ಲು ತರುವವನು ಯಾರು? ಯೆಹೂದ್ಯರ ಧರ್ಮಶಾಸ್ತ್ರದ ಒಂದು ವಿಧಿ ಈ ಸಂದರ್ಭದಲ್ಲಿ ಉಲ್ಲೇಖಾರ್ಹ. ವಾರದ ಏಳನೆಯ ದಿನ ಯಜಮಾನನಷ್ಟೇ ಅಲ್ಲದೆ ಅವನ ಎತ್ತು, ಕತ್ತೆ, ಆಳು, ತೊತ್ತು ಎಲ್ಲರೂ ವಿಶ್ರಮಿಸಬೇಕೆಂದು ಅದು ವಿಧಿಸಿ, ಅದಕ್ಕೆ ಕಾರಣವನ್ನೂ ಕೊಡುತ್ತದೆ: ನೀವೂ ಒಮ್ಮೆ ಐಗುಪ್ತದಲ್ಲಿ ದಾಸರಾಗಿದ್ದಿರಿ ಎಂಬುದನ್ನು ಮರೆಯಬೇಡಿ. ಎತ್ತನ್ನೂ ಆಳನ್ನೂ ಒಂದೇ ವಾಕ್ಯದಲ್ಲಿ ಬಿಡುಗಡೆ ಮಾಡಿದ ಆ ಬುದ್ಧಿ ಸೋಮವಾರದ ಪದ್ಧತಿಗೆ ಹೊಳೆಯದೆ ಹೋದದ್ದು ಶೋಚನೀಯ.

ಜೀತಪದ್ಧತಿಯನ್ನು ರದ್ದುಪಡಿಸುವ ಕೇಂದ್ರ ಕಾಯಿದೆ ಬಂದದ್ದು 1976ರಲ್ಲಿ. ಅದಕ್ಕೂ ಮೊದಲು 1948ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿಯನ್ನೂ, ಒಂದು ರಜೆಯ ದಿನವನ್ನೂ, ಐದು ಗಂಟೆಗಳ ದುಡಿಮೆಯ ನಂತರ ಅರ್ಧ ಗಂಟೆಯ ಬಿಡುವನ್ನೂ ಗೊತ್ತುಪಡಿಸಿತ್ತು. ಹೊಲದಲ್ಲಿ ದುಡಿಯುವವನಿಗೂ ಮನೆಯ ಒಳಗೆ ದುಡಿಯುವವಳಿಗೂ ಆ ಅರ್ಧ ಗಂಟೆ ತಲುಪಲಿಲ್ಲ.

ಕೊಳ್ಳೇಗಾಲದ ಸೀಮೆ ರೇಷ್ಮೆಗೆ ಹೆಸರಾದುದು. ರೇಷ್ಮೆಯ ಹುಳುವನ್ನು ಉಪಮೆಯಾಗಿ ಬಳಸಿದ ಅಕ್ಕಮಹಾದೇವಿಯ ವಚನವನ್ನು ಇಲ್ಲಿ ಒಂದು ಕ್ಷಣ ನೆನೆಯಬೇಕು. ತನ್ನ ನೂಲಿನಿಂದಲೇ ತನಗೆ ಮನೆ ಕಟ್ಟಿಕೊಂಡು, ಆ ನೂಲೇ ಸುತ್ತಿ ಸಾಯುವ ಹುಳುವಿನಂತೆ ತಾನೂ ಮನದ ಬಯಕೆಯಲ್ಲಿ ಬೇಯುತ್ತಿರುವೆನೆಂದು ಅಕ್ಕ ಮೊರೆಯಿಡುತ್ತಾಳೆ. ಉಪಮೆ ಅಪೂರ್ವವಾದುದು. ಹುಳು ಸಾಕುವ ಮನೆಯವರು ಆ ಉಪಮೆಗೆ ಒಂದು ಮಾತನ್ನು ಸೇರಿಸಬಲ್ಲರು. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಬಾರಿ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಲ್ಲುತ್ತದೆ. ಸಾಕುವವರು ಇದನ್ನು ‘ಜ್ವರ’ ಎನ್ನುತ್ತಾರೆ: ಒಂದನೆಯ ಜ್ವರ, ಎರಡನೆಯ ಜ್ವರ. ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ, ಹುಳುವನ್ನು ಅಲುಗಿಸುವುದೂ ಇಲ್ಲ. ಹಳೆಯ ಚರ್ಮ ಕಳಚಿ ಹುಳು ಬೆಳೆಯುವುದು ಆ ಬಿಡುವಿನಲ್ಲಿಯೇ. ನಾಲ್ಕನೆಯ ಜ್ವರ ಎದ್ದ ಮೇಲೆ ಮಾತ್ರ ಹುಳುವಿನ ಹಸಿವಿಗೆ ಮಿತಿಯಿರದು; ಆಗ ಹಗಲಿರುಳೆನ್ನದೆ ಸೊಪ್ಪು ಕೊಯ್ದು ಹಾಕುತ್ತ ನಿದ್ದೆಗೆಡುವವರು ಮನೆಯ ಜನ, ಅದರಲ್ಲಿಯೂ ಹೆಂಗಸರು. ಹುಳುವಿನ ವಿಶ್ರಾಂತಿಯನ್ನು ಇಷ್ಟು ಜಾಗರೂಕತೆಯಿಂದ ಕಾಯುವವರ ವಿಶ್ರಾಂತಿಯನ್ನು ಕಾಯುವವರಿಲ್ಲ.

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ಮಧುವನಹಳ್ಳಿಯ ಮೇಲೆ ಮಲೆಯ ಮಾದೇಶ್ವರನ ಪರಿಸೆಗೆ ನಡೆದುಹೋಗುವ ಜನ ಹಾದುಹೋಗುತ್ತಾರೆ. ‘ಮಧುವನ’ವೆಂಬ ಹೆಸರು ರಾಮಾಯಣದ ಸುಂದರಕಾಂಡವನ್ನು ನೆನಪಿಗೆ ತರುತ್ತದೆ. ಈ ಊರಿಗೂ ಆ ಕಥೆಗೂ ಸಂಬಂಧ ಕಲ್ಪಿಸುವ ಅಗತ್ಯವಿಲ್ಲ. ಆದರೂ ಪ್ರಸ್ತುತ ವಿಷಯಕ್ಕೆ ಆ ಕಥೆ ಚೆನ್ನಾಗಿ ಒದಗುತ್ತದೆ. ಸೀತೆಯನ್ನು ಅರಸಿ ದಣಿದ ಕಪಿಗಳು ಹಿಂದಿರುಗುವಾಗ ಸುಗ್ರೀವನ ಮಧುವನಕ್ಕೆ ಅಪ್ಪಣೆಯಿಲ್ಲದೆ ನುಗ್ಗಿ ಜೇನು ಕುಡಿದು, ಹಣ್ಣು ತಿಂದು, ಮನಬಂದಂತೆ ಕುಣಿದು ಮಲಗುತ್ತವೆ. ಕಾವಲುಗಾರ ದಧಿಮುಖ ಓಡಿಹೋಗಿ ದೂರುತ್ತಾನೆ. ಸುಗ್ರೀವನಿಗೆ ಕೋಪ ಬರುವುದಿಲ್ಲ. ಕೆಲಸ ಕೈಗೂಡದೆ ಅವರು ಹೀಗೆ ವರ್ತಿಸಲಾರರೆಂದು ಊಹಿಸಿ ಅವನು ಸಂತೋಷಪಡುತ್ತಾನೆ. ಸೇವಕರ ವಿಶ್ರಾಂತಿಯನ್ನು ಅಪರಾಧವೆಂದು ಕಾಣದೆ, ಅವರ ದುಡಿಮೆಗೆ ಸಾಕ್ಷಿಯೆಂದು ಕಂಡ ಒಡೆಯ ನಮ್ಮ ಕಾವ್ಯಗಳಲ್ಲಿ ಇವನೊಬ್ಬನೇ ಇರಬೇಕು.

ಅಂಥ ಒಡೆಯ ಸಿಗದ ಕಡೆ ಜನ ಕಂಡುಕೊಂಡ ಉಪಾಯವೇ ಹರಕೆ ಎನ್ನಬಹುದು. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೊರಟವನನ್ನು ತಡೆಯಲು ಯಾವ ಯಜಮಾನನಿಗೂ ಧೈರ್ಯ ಬಾರದು. ತನಗೆ ದಣಿವಾಗಿದೆ, ಎರಡು ದಿನ ಬಿಡುವು ಬೇಕು ಎಂದು ಕೇಳಲಾರದವನು ದೇವರಿಗೆ ಹರಕೆ ಹೊತ್ತಿದ್ದೇನೆಂದು ಹೇಳಬಲ್ಲ. ಕೊಳ್ಳೇಗಾಲದಿಂದ ಎಪ್ಪತ್ತು ಕಿಲೋಮೀಟರಿಗೂ ಮೀರಿದ ಕಾಡುದಾರಿಯನ್ನು ನಡೆಯುವುದು ವಿಶ್ರಾಂತಿಯೇ ಎಂದು ಕೇಳಿದರೆ, ದೇಹಕ್ಕಲ್ಲ ನಿಜ. ಆದರೆ ಆ ಎರಡು ಮೂರು ದಿನ ಅವನ ಕಾಲುಗಳು ಅವನವೇ. ದಿನಗೂಲಿಯವನು ಆ ದಿನಗಳ ಕೂಲಿಯನ್ನು ಕಳೆದುಕೊಂಡೇ ಹೋಗುತ್ತಾನೆಂಬುದನ್ನೂ ಮರೆಯುವಂತಿಲ್ಲ. ಅವನ ಬಿಡುವಿಗೆ ಅವನೇ ಬೆಲೆ ತೆರುತ್ತಾನೆ.

ಆ ಬೆಟ್ಟದ ದೇವರ ಕಾವ್ಯವೇ ಬಿಟ್ಟಿದುಡಿಮೆಯಿಂದ ಬಿಡುಗಡೆ ಮಾಡಿದ ಕಥೆಯೆಂಬುದು ಆಕಸ್ಮಿಕವಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡುವ, ಕನ್ನಡ ವಿಶ್ವವಿದ್ಯಾಲಯವು ಕೆ. ಕೇಶವನ್ ಪ್ರಸಾದರ ಸಂಪಾದಕತ್ವದಲ್ಲಿ 1997ರಲ್ಲಿ ಪ್ರಕಟಿಸಿದ ಈ ಮಹಾಕಾವ್ಯದಲ್ಲಿ, ಶ್ರವಣನೆಂಬ ದೊರೆ ದೇವತೆಗಳನ್ನೆಲ್ಲ ಸೆರೆಹಿಡಿದು ತನ್ನ ಚಾಕರಿಗೆ ಇಟ್ಟುಕೊಂಡಿದ್ದಾನೆ. ಇಂದ್ರಚಂದ್ರಾದಿಗಳು ಆಳುಗಳಾಗಿರುವ ಈ ಚಿತ್ರವನ್ನು ಹಾಡಿದವರೂ ಕೇಳಿದವರೂ ಆಳುಗಳ ಬದುಕನ್ನು ಪುಸ್ತಕದಿಂದ ತಿಳಿದವರಲ್ಲ. ಮಾದೇಶ್ವರ ಆ ಸೆರೆಯನ್ನು ಬಿಡಿಸುವುದು ದಿವ್ಯಾಸ್ತ್ರದಿಂದಲ್ಲ; ಹರಳಯ್ಯ ಮಾಡಿಕೊಟ್ಟ ಪಾದರಕ್ಷೆಯಿಂದ. ಲೋಕವೆಲ್ಲ ಕೀಳೆಂದು ಬಗೆದ ಕುಶಲಕರ್ಮದಿಂದಲೇ ಅತ್ಯಾಚಾರಿಯ ಅಂತ್ಯವಾಗುತ್ತದೆ. ಶಿಷ್ಟಕಾವ್ಯಗಳಲ್ಲಿ ಇಂಥ ಕಲ್ಪನೆ ದುರ್ಲಭ.

ಇದೇ ಕಾವ್ಯಪರಂಪರೆಯ ಇನ್ನೊಂದು ಭಾಗ ಮಠಗಳಿಗೆ ಹೆಚ್ಚು ಹತ್ತಿರದ್ದು, ಹಾಗೆಯೇ ಹೆಚ್ಚು ಮುಜುಗರದ್ದು. ಬೆಟ್ಟ ಸೇರುವ ಮೊದಲು ಮಾದೇಶ್ವರ ಸುತ್ತೂರು ಮಠದಲ್ಲಿದ್ದಾಗ ಅವನಿಗೆ ವಹಿಸಿದ ಸೇವೆ ರಾಗಿ ಬೀಸುವುದು. ಮಠದ ದಾಸೋಹಕ್ಕೆ ಬೇಕಾದ ರಾಗಿಯೆಂದರೆ ಕಡಿಮೆಯಲ್ಲ. ಒಬ್ಬನ ಕೈಗೆ ಮೀರಿದ ಆ ಕೆಲಸ ಪವಾಡದಿಂದ ನೆರವೇರಿತೆಂದು ಭಕ್ತರು ನಂಬುತ್ತಾರೆ. ಇದನ್ನು ಮಹಿಮೆಯ ನಿದರ್ಶನವೆಂದಷ್ಟೇ ಹೇಳಿ ಮುಗಿಸುವುದುಂಟು. ಈ ಪವಾಡದ ಸ್ವರೂಪವನ್ನು ವಿಚಾರಿಸಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಜನಪದ ಕಲ್ಪನೆ ದೇವರಿಗೆ ಕೊಟ್ಟ ಮೊದಮೊದಲ ಪವಾಡಗಳಲ್ಲಿ ಒಂದು ಸಮುದ್ರ ದಾಟುವುದೂ ಅಲ್ಲ, ಪರ್ವತ ಎತ್ತುವುದೂ ಅಲ್ಲ. ಬೀಸುವ ಕಲ್ಲಿನ ದುಡಿಮೆಯಿಂದ ತೋಳಿಗೆ ಬಿಡುವು. ಬೀಸಿ ಬೀಸಿ ರಟ್ಟೆ ಸೋತವರಲ್ಲದೆ ಮತ್ತಾರೂ ಇಂಥ ಪವಾಡವನ್ನು ಬಯಸಲಾರರು. ದಾಸೋಹದ ಪುಣ್ಯವನ್ನು ಹಾಡುವಾಗ ಆ ದಾಸೋಹದ ಹಿಟ್ಟನ್ನು ಬೀಸಿದ ಕೈಗಳನ್ನು ಈ ಕಾವ್ಯ ಮರೆಯಲಿಲ್ಲವೆಂಬುದು ಅದರ ದೊಡ್ಡಗುಣ.

ಮನೆಮನೆಯ ಹೆಂಗಸರಿಗೆ ಆ ಪವಾಡ ಬಹುಕಾಲ ಒದಗಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಕಲ್ಲಿನ ಮುಂದೆ ಕುಳಿತವರು ದಣಿವು ಮರೆಯಲು ಕಟ್ಟಿಕೊಂಡ ತ್ರಿಪದಿಗಳೇ ಇಂದು ಜಾನಪದದ ಶ್ರೇಷ್ಠ ಸಂಪತ್ತೆನಿಸಿವೆ. ಹಲಸಂಗಿಯ ಗೆಳೆಯರಾದ ಕಾಪಸೆ ರೇವಪ್ಪ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಕಲ್ಲು ಇನ್ನೂ ತಿರುಗುತ್ತಿತ್ತು. ಬರಬರುತ್ತ ಹಿಟ್ಟಿನ ಗಿರಣಿಗಳು ಹಳ್ಳಿಗಳಿಗೂ ಬಂದವು, ಕಲ್ಲುಗಳು ಹಿತ್ತಿಲು ಸೇರಿದವು, ಹಾಡು ನಿಂತಿತು. ಅಂದಿನಿಂದ ಜಾನಪದ ವಿದ್ವಾಂಸರು ಬೀಸುವ ಕಲ್ಲಿನ ಜೊತೆಗೆ ಹೋದ ಹಾಡಿಗಾಗಿ ಮರುಗುತ್ತಲೇ ಇದ್ದಾರೆ. ಮರುಕ ಯೋಗ್ಯವಾದುದೇ. ಆ ಕಲ್ಲನ್ನು ಮರಳಿ ಒಳಗೆ ತರೋಣವೇ ಎಂದು ಬೀಸಿದವರನ್ನು ಕೇಳಿದವರು ಮಾತ್ರ ಇದ್ದಂತಿಲ್ಲ.